ಹೋತನ ಗಂಟೆ

ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟು, ಉರ್ಬೆಸ್ ಮಗಳನ್ನು ಕರೆದ. "ಬಾ ನೂನಿಲಾ, ಜೂನ್ ತಿಂಗಳ ಸವಾರಿ ಈಗಲೇ ಗೊತ್ತು ಮಾಡಿಬಿಡೋಣ. ನಿನ್ನ ಸರಗೋಸಾ ನಗರದ ಡಾಂಬರು ರಸ್ತೆಯಲ್ಲ ಇದು, ಪಿರಿನೀಸ್ ಬೆಟ್ಟ. ಹೊತ್ತು ತಪ್ಪಿದ್ರೆ ಮೇಲೇ ಮಲಗಬೇಕಾಗುತ್ತೆ."

ಈಸ್ಟರ್ ರಜೆಗೆಂದು ಹಿಂದಿನ ದಿನ ಊರಿಗೆ ಬಂದಿದ್ದ ನೂನಿಲಾ ಬೆಳ್ಳುಳ್ಳಿ ಸುಲಿಯುವುದನ್ನು ಬಿಟ್ಟು ಎದ್ದು ಬಂದಳು. ಸೆರ್ಬುನ್ ಘಟ್ಟ ಹತ್ತಿ, ಆಚೆ ಕಡೆಯ ಕಲ್ಲುಗುಂಡುಗಳ ನಡುವೆ ಸೈಕಲ್ಲಿನಲ್ಲಿ ಇಳಿಯುವುದು ಅವಳ ಹನ್ನೆರಡನೇ ವಯಸ್ಸಿನಿಂದ ಅಪ್ಪ ಮಗಳ ವರ್ಷಕ್ಕೊಮ್ಮೆಯ ವ್ರತ. ಕಳೆದ ವರ್ಷ ಮಾತ್ರ ತಪ್ಪಿತ್ತು. ಬ್ರೇಕ್ ಕೆಟ್ಟಿದೆ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದ. ಇಪ್ಪತ್ತು ವರ್ಷ ಪ್ರವಾಸಿಗಳನ್ನು ಇದೇ ಬೆಟ್ಟ ಹತ್ತಿಸಿ ಇಳಿಸಿದವನಿಗೆ ಒಂದು ಬ್ರೇಕ್ ಸರಿಮಾಡುವುದು ಯಾವ ಮಹಾ ಕೆಲಸ ಎಂದು ಅವಳು ಕೇಳಿರಲಿಲ್ಲ. ಕ್ರಿಸ್‌ಮಸ್‌ಗೂ ಬಂದಿರಲಿಲ್ಲ. ಬಂದು ನೋಡಬೇಕಿತ್ತು.

ನಕ್ಷೆ ಮಗುಚಿ ಬಿದ್ದಿತ್ತು. ಅದರ ಒಂದು ಮಗ್ಗುಲಲ್ಲಿ ಸೆರ್ಬುನ್ ಬೆಟ್ಟ, ಇನ್ನೊಂದರಲ್ಲಿ ಕೆಳಗಿನ ಜಲಾಶಯ ಮತ್ತು ಬಯಲು. ಈಗ ಮೇಲಿದ್ದದ್ದು ಜಲಾಶಯ. ತಿರುಗಿಸಪ್ಪ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಬೆರಳು ಹೊರಟಾಗಿತ್ತು.

"ಏಳಕ್ಕೆ ಚರ್ಚ್ ಮುಂದಿಂದ ಹೊರಡೋದು. ಒಂಬತ್ತಕ್ಕೆ ಕುರಿಹಟ್ಟಿ. ಅಲ್ಲಿ ಬ್ರೆಡ್ಡು, ಸಾಸೇಜು ತಿಂದು ಹತ್ತು ನಿಮಿಷ ಕೂರೋಣ. ಹೆಚ್ಚು ಕೂತ್ರೆ ಕಾಲು ಹಿಡ್ಕೊಳ್ಳುತ್ತೆ." ಬೆರಳು ದಡ ಬಿಟ್ಟು ನೀಲಿಯೊಳಗೆ ಇಳಿಯಿತು. ಸರಿಯಾಗಿ ನಡುನೀರಿಗೆ ಹೋಗಿ ನಿಂತಿತು. "ಇಲ್ಲಿ ಬಾಟ್ಲಿ ತುಂಬಿಸ್ಕೋಬೇಕು. ಇಲ್ಲಿಂದ ಮುಂದೆ ಒಂದು ಹನಿ ನೀರು ಸಿಗಲ್ಲ."

ನೂನಿಲಾಳಿಗೆ ಹಿಂದಿನ ದಿನದ್ದೆಲ್ಲ ನೆನಪಾಯಿತು. ನಿನ್ನೆ ಬಸ್ಸಿಳಿದು ಕೈಬೀಸಿದರೂ ಅಪ್ಪ ಗೋಡೆಗೊರಗಿ ಸುಮ್ಮನೆ ನಿಂತಿದ್ದ, ಹತ್ತಿರ ಹೋಗಿ ಕೂಗಿದ ಮೇಲಷ್ಟೇ ನಕ್ಕಿದ್ದ. ಊಟಕ್ಕೆ ಬಡಿಸುವಾಗ ಸೂಪು ಬಟ್ಟಲು ಮೀರಿ ಮೇಜಿನ ಮೇಲೆ ಹರಿದಿತ್ತು. ವಯಸ್ಸಾಯಿತು ಎಂದುಕೊಂಡು ಅವಳು ಬಟ್ಟೆ ತಂದು ಒರೆಸಿದ್ದಳು.

"ಅಪ್ಪ, ಈ ಸಲ ಮುಂದೆ ನಾನು ಹೋಗ್ತೀನಿ."

"ನೀನಾ? ಬ್ರೇಕ್ ಹಿಡ್ಕೊಂಡೇ ಹುಟ್ಟಿದವಳು. ನಿನ್ನ ಹಿಂದೆ ಬಂದ್ರೆ ಬೆಟ್ಟ ಇಳಿಯೋ ಹೊತ್ತಿಗೆ ನನಗೆ ಪಿಂಚಣಿ ಶುರುವಾಗಿರುತ್ತೆ."

ಅವಳು ನಗಲಿಲ್ಲ. ನಗು ಕೇಳದೆ ಹೋದದ್ದಕ್ಕೆ ಅವನು ಬೆರಳನ್ನು ನಕ್ಷೆಯಿಂದ ಎತ್ತಿದ. ಅಂಗೈಯಿಂದ ಕಾಗದವನ್ನು ಸವರಿದ.

"ನಕ್ಷೆ ಉಲ್ಟಾ ಇದೆ, ಅಲ್ವಾ?"

"ಹೂಂ. ನೀನೀಗ ಜಲಾಶಯದ ಮಧ್ಯ ಇದ್ದೀಯ."

"ಎಡಗಣ್ಣು ಹೋದ ವರ್ಷವೇ ಹೋಯ್ತು. ಬಲಗಣ್ಣಲ್ಲಿ ನೆರಳು ನೆರಳಾಗಿ ಏನೋ ಕಾಣುತ್ತೆ. ಚಳಿಗಾಲದೊಳಗೆ ಅದೂ ಹೋಗುತ್ತಂತೆ. ಡಾಕ್ಟರಮ್ಮ ಹೇಳಿದ್ಲು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಸೈಕಲ್ ಕಿತ್ಕೋತಿದ್ದೆ."

ಅದು ನಿಜ. ಕಿತ್ತುಕೊಳ್ಳುತ್ತಿದ್ದಳು. ಉರ್ಬೆಸ್ ಎದ್ದು, ತಡವರಿಸದೆ ಆರು ಹೆಜ್ಜೆ ನಡೆದು, ಗೋಡೆಯ ಮೊಳೆಯಿಂದ ಹಳೆಯ ಗಂಟೆಯೊಂದನ್ನು ಇಳಿಸಿಕೊಂಡು ಬಂದ. ಅವನ ಅಪ್ಪ ಕುರಿಗಾರ. ಚಳಿ ಶುರುವಾಗುತ್ತಲೇ ಮಂದೆಯನ್ನು ಬೆಟ್ಟದಿಂದ ಬಯಲಿಗೆ ಹೊಡೆದುಕೊಂಡು ಹೋಗುವಾಗ ಮುಂದಾಳು ಹೋತನ ಕೊರಳಿಗೆ ಕಟ್ಟುತ್ತಿದ್ದ ಗಂಟೆ ಅದು.

"ಮಂಜು ಮುಸುಕಿದಾಗ ಕುರಿ ದಾರಿ ನೋಡುತ್ತಾ? ಹೋತನ ಗಂಟೆ ಕೇಳ್ಕೊಂಡು ಬರುತ್ತೆ. ಇದನ್ನ ನಿನ್ನ ಸೀಟಿನ ಕೆಳಗೆ ಕಟ್ಕೋ. ನೀನು ಹೋತ, ನಾನು ಕುರಿ. ಒಂದೇ ಒಂದು ಸಲ, ಮಗಳೇ. ಆಮೇಲೆ ಸೈಕಲ್ ಯಾರಿಗಾದ್ರೂ ಕೊಟ್ಟುಬಿಡು, ನಾನು ಕೇಳಲ್ಲ. ಬೇಕಾದ್ರೆ ಈಗಲೇ ನೋಡು. ಬಾರಿಸ್ತಾ ನಡಿ."

ಮೋಡ ಕವಿದು ಅಡುಗೆಮನೆ ಮಬ್ಬಾಗಿತ್ತು. ನೂನಿಲಾ ಗಂಟೆ ಆಡಿಸುತ್ತ ಮೇಜಿನ ಸುತ್ತ ನಡೆದಳು. ಅಪ್ಪ ಒಂದು ಕುರ್ಚಿಗೂ ತಾಗದೆ ಹಿಂದೆಯೇ ಬಂದ. ಎರಡನೇ ಸುತ್ತಿಗೆ ಅವಳು ಬೇಕೆಂದೇ ಬೇಗ ಬೇಗ ನಡೆದಳು. ಅವನೂ ಬೇಗ ಬೇಗ ಬಂದ. ಅವನ ಮುಖ ನೋಡಿ ಅವಳಿಗೂ ಆಸೆ ಹುಟ್ಟಿತು. ಬೆಟ್ಟವೆಂದರೆ ಅವನಿಗೆ ಈ ಅಡುಗೆಮನೆಯಷ್ಟೇ ಪರಿಚಯ, ಯಾಕಾಗಬಾರದು ಎನಿಸಿತು.

"ಈಗ ಘಟ್ಟದ ನೆತ್ತಿ ದಾಟಿದ್ವಿ," ಎಂದ ಉರ್ಬೆಸ್ ಹಿಂದಿನಿಂದ, ಖುಷಿಯಲ್ಲಿ. "ಮುಂದೆ ಬಂಡೆಯ ತಿರುವು. ಬಲಕ್ಕೆ ಪ್ರಪಾತ, ಹುಷಾರು."

ಆ ತಿರುವು ಅವಳಿಗೆ ಚೆನ್ನಾಗಿ ನೆನಪಿತ್ತು. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ಅಲ್ಲಿ ಸೈಕಲ್ ನಿಲ್ಲಿಸಿ, ನಿನ್ನ ಹೆಸರು ಕೂಗು ಎಂದಿದ್ದ. ಅವಳು ಕೂಗಿದ್ದಳು. ಎದುರು ಬಂಡೆ ಅವಳ ಕೂಗನ್ನು ಹಾಗೆಯೇ ತಿರುಗಿಸಿ ಕಳಿಸಿತ್ತು. ಪ್ರಪಾತದ ಒಳಗಿನಿಂದ ಯಾರೋ ನೂನಿಲಾ, ನೂನಿಲಾ ಎಂದು ಕರೆಯುತ್ತಿದ್ದಾರೆಂದು ಹೆದರಿ ಅವಳು ಅಪ್ಪನ ಅಂಗಿ ಹಿಡಿದುಕೊಂಡಿದ್ದಳು. ಅಲ್ಲಿ ಗಂಟೆಯೂ ಪ್ರಪಾತದ ಕಡೆಯಿಂದಲೇ ಕೇಳುತ್ತದೆ, ಅದನ್ನು ನಂಬಿ ಬರುವ ಅಪ್ಪ ಅತ್ತಲೇ ತಿರುಗುತ್ತಾನೆ.

ಅವಳ ಬೆರಳುಗಳು ಗಂಟೆಯ ನಾಲಿಗೆಯನ್ನು ಬಿಗಿಯಾಗಿ ಹಿಡಿದವು. ಅವಳು ತಿರುಗಿ ನಿಂತಳು.

ಅಪ್ಪನೂ ತಟ್ಟನೆ ನಿಂತ. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ಆಲಿಸಿದ.

"ಯಾಕೆ ನಿಲ್ಲಿಸಿದೆ? ಬಾರಿಸು. ಎಲ್ಲಿದ್ದೀಯ ಅಂತ ಗೊತ್ತಾಗಲಿ."

ನೂನಿಲಾ ಅವನ ಎದುರಿಗೇ, ಒಂದು ಮೊಳ ದೂರದಲ್ಲಿ, ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.