ಎರಡೂ ಮನೆಯ ಮುತ್ಯಾ

"ಹೇಳ್ರಿ, ಇಂವ ಯಾರ ಮುತ್ಯಾ?"

ಕೊಹಿನೂರದ ಶರಣಪ್ಪ ಫೋಟೋವನ್ನು ಸ್ಟುಡಿಯೋದ ಮೇಜಿನ ಮೇಲೆ ಕುಕ್ಕಿದ. ಮೋರಖಂಡಿಯ ಗುರುಲಿಂಗ ತನ್ನದನ್ನು ಪಕ್ಕಕ್ಕಿಟ್ಟ. ಎರಡು ಚೌಕಟ್ಟು, ಎರಡಕ್ಕೂ ಒಣಗಿದ ಹಾರ. ಒಂದರಲ್ಲಿ ಗಿರಿಜಾ ಮೀಸೆ, ಇನ್ನೊಂದರಲ್ಲಿ ತುಂಡು ಮೀಸೆ. ಮನುಷ್ಯ ಮಾತ್ರ ಒಬ್ಬನೇ: ಗಿಣಿಮೂಗು, ಗುಳಿಬಿದ್ದ ಗದ್ದ, ಹಣೆತುಂಬ ವಿಭೂತಿ.

ಶರಣಪ್ಪನ ಮಗಳು ವರ್ಷಾಳನ್ನು ಗುರುಲಿಂಗನ ಮಗನಿಗೆ ಕೊಡುವ ಮಾತಾಗಿತ್ತು. ಬೀಗರ ಮನೆ ನೋಡಲು ಹೋದ ಶರಣಪ್ಪ ಅಲ್ಲಿನ ಗೋಡೆಯ ಮೇಲೆ ತಮ್ಮ ಮುತ್ತಜ್ಜನನ್ನೇ ಕಂಡು, ಚಹಾ ಬಿಟ್ಟು ಎದ್ದು ಬಂದಿದ್ದ. ಒಂದೇ ರಕ್ತ! ಅಣ್ಣ-ತಂಗಿಗೆ ಲಗ್ನ ಮಾಡುವುದುಂಟೇ? ಅಂದಿನಿಂದ ವರ್ಷಾ ರೊಟ್ಟಿ ಮುಟ್ಟಿರಲಿಲ್ಲ.

"ನಿಮ್ಮ ಮುತ್ಯಾ ಕದ್ದು ನಮ್ಮೂರಿಗೆ ಬರ್ತಿದ್ದ," ಎಂದ ಗುರುಲಿಂಗ.

"ಬಾಯಿ ಬಿಗಿ ಹಿಡೀರಿ! ನಿಮ್ಮ ಮುತ್ಯಾನೇ ನಮ್ಮೂರಿಗೆ ಬರ್ತಿದ್ದ."

ಎರಡೂ ಚೌಕಟ್ಟಿನ ಹಿಂದೆ ಬಸವಕಲ್ಯಾಣದ ಈ ಫೋಟೋ ಅಂಗಡಿಯದೇ ಮುದ್ರೆ. ಹಳೆಯ ಗಾಜಿನ ನೆಗೆಟಿವ್‌ಗಳ ಧೂಳು ಒರೆಸುತ್ತಿದ್ದ ಅಂಗಡಿಕಾರ ಯುನೂಸ್ ಫೋಟೋಗಳನ್ನು ನೋಡಿ, ಮೂಗು-ಬಾಯಿಗೆ ಕಟ್ಟಿದ್ದ ಕರವಸ್ತ್ರವನ್ನು ಇನ್ನಷ್ಟು ಬಿಗಿದುಕೊಂಡ. ಒಂದು ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಆಗ ತಲಿ ಅಲುಗಬಾರ್ದಂತ ಹಿಂದ ಕಬ್ಬಿಣದ ಕವಲು ಕೊಡ್ತಿದ್ರು. ಈ ವಿಭೂತಿ ಗಾಜಿನ ಮ್ಯಾಲ ಪೆನ್ಸಿಲ್‌ಲೆ ಬರದದ್ದು. ಮೀಸಿ ಚಾಕುಲೆ ಕೆರದದ್ದು."

"ಮೀಸಿ ಮಾತ್ರ ನಮ್ಮ ಮುತ್ಯಾಂದೇ!" ಇಬ್ಬರೂ ಒಟ್ಟಿಗೆ ಕೂಗಿದರು.

ಯುನೂಸ್ ಇನ್ನೊಂದು ಗಾಜು ಎತ್ತಿದ. ಅದೇ ಮೂಗು, ಅದೇ ಗದ್ದ. "ಇದು ಹುಮನಾಬಾದದ ಗಿರಾಕಿದು." ಮತ್ತೊಂದರಲ್ಲೂ ಅವನೇ, ಈ ಸಲ ದೊಡ್ಡ ಗಡ್ಡ ಬಿಟ್ಟು.

ಶರಣಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. "ಎಷ್ಟ್ ಸಂಸಾರ ಮಾಡ್ಯಾನಪ್ಪ ಈ ಪುಣ್ಯಾತ್ಮ!"

"ಇನ್ ನಮ್ಮ ಸೀಮ್ಯಾಗ ಯಾರಿಗ್ಯಾರೂ ಹೆಣ್ಣ್ ಕೊಡಂಗಿಲ್ಲ ಬಿಡ್ರಿ," ಎಂದ ಗುರುಲಿಂಗ.

ಅಪ್ಪನ ಜೊತೆ ಬಂದು ಮೂಲೆಯಲ್ಲಿ ಕುಳಿತಿದ್ದ ವರ್ಷಾ ಬಿಕ್ಕಿದಳು. "ಚಾಚಾ, ನಿಮಗ ಗೊತ್ತಿದ್ರ ಹೇಳ್ರಿ."

ಯುನೂಸ್ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ. ಅಂಗಡಿ ಕಟ್ಟಿದ ತನ್ನಜ್ಜನ ಮರ್ಯಾದೆ ಒಂದು ಕಡೆ, ಈ ಹುಡುಗಿಯ ಕಣ್ಣೀರು ಇನ್ನೊಂದು ಕಡೆ.

"ಸಿಟ್ಟಾಗಬ್ಯಾಡ್ರಿ. ಫೋಟೋ ತಗಸದೇ ಸತ್ತವರ ಮನಿಯವರು ಬಂದು ಅಳ್ತಿದ್ರು. ಮೀಸಿ ಹಿಂಗಿತ್ತು, ಗಡ್ಡ ಹಂಗಿತ್ತು ಅಂತಿದ್ರು. ಇಲ್ಲ ಅನ್ನಾಕ ಮನಸ್ ಬರ್ತಿರಲಿಲ್ಲ. ಯಾರರ ಒಬ್ಬರು ಕುರ್ಚ್ಯಾಗ ಕೂಡಬೇಕಲ್ರಿ?"

ಅವನು ಕರವಸ್ತ್ರ ಬಿಚ್ಚಿದ. ಎರಡೂ ಮನೆಯವರು ದಿನಾ ಕೈಮುಗಿಯುವ ಗಿಣಿಮೂಗು, ಗುಳಿಬಿದ್ದ ಗದ್ದ ಅವನ ಮುಖದಲ್ಲೇ ಇದ್ದವು. "ಕುರ್ಚ್ಯಾಗ ಕೂತಾಂವ ನಮ್ಮಜ್ಜ ಕಾಸಿಂ," ಎಂದ, "ಲಗ್ನ ಮಾಡ್ರಿ."