ಐದಡಿ ಮಂಚ

ಧಣಿಯ ಹೊಸ ವಿಹಾರದೋಣಿಗೆ ನಾನೇ ತಾಂಡೇಲ, ಅಂದರೆ ದೋಣಿ ನಡೆಸುವವನು. ಒಳಗೆ ಮರದ ಕೆಲಸ ನಡೆಯುತ್ತಿದ್ದಾಗ ಧಣಿ ಬಂದು ಆಚಾರಿಗೆ ಅಪ್ಪಣೆ ಕೊಟ್ಟರು.

“ಮುಂತುದಿಯ ಕೋಣೆ ಪೂರ್ತಿ ನನಗೆ. ಅಲ್ಲಿ ಡಬಲ್ ಮಂಚ ಹಾಕಿ. ನಡುವೆ, ಒಲೆಯ ಪಕ್ಕ, ಇವನಿಗೆ ಐದಡಿ ಸಾಕು. ಉಳಿದ ಜಾಗದಲ್ಲಿ ನನ್ನ ಶೂಗಳಿಗೆ ಕಪಾಟು ಮಾಡಿ.”

“ಧಣಿ, ನಾನು ಆರಡಿ ಇದ್ದೇನೆ,” ಎಂದೆ.

“ಕಾಲು ಮಡಚಿಕೋ ಮಾರಾಯ. ನಿನಗೆ ಸಂಬಳ ಕೊಡುವುದು ಮಲಗಲಿಕ್ಕಾ?”

ಕೆಲಸದವರೆಲ್ಲ ನಕ್ಕರು. ಮೂವತ್ತು ವರ್ಷ ಕಡಲಲ್ಲಿ ಕಳೆದ ನನ್ನ ಮೈ ಉರಿಯಿತು. ಆಚಾರಿ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕೈ ಒತ್ತಿ ಹಿಡಿದೆ.

ಧಣಿ ಹೋದ ಮೇಲೆ ಆಚಾರಿ ಗೊಣಗಿದರು: “ಅಲೆ ಎದ್ದರೆ ಮುಂತುದಿಯ ಆ ಕೋಣೆಯಲ್ಲಿ ಮನುಷ್ಯ ಚೆಂಡಿನ ಹಾಗೆ ಹಾರ್ತಾನೆ. ಹೇಳುವುದು ಬೇಡವಾ?”

“ಬೇಡ. ಅವರು ಹೇಳಿದ ಅಳತೆಗೇ ಮಾಡಿ. ಒಂದು ಬೆರಳೂ ಜಾಸ್ತಿ ಬೇಡ.”

ಲಕ್ಷದ್ವೀಪಕ್ಕೆ ಹೊರಟ ಮರುದಿನ ಬೆಳಿಗ್ಗೆ ಗಾಳಿ ಎದ್ದಿತು. ಮಧ್ಯಾಹ್ನ ಚುಕ್ಕಾಣಿಯನ್ನು ಜೊತೆಗಾರನಿಗೆ ಕೊಟ್ಟು ನಾನು ನಡುವಿನ ನನ್ನ ಐದಡಿ ಮಂಚದಲ್ಲಿ ಕಾಲು ಮಡಚಿ ಮಲಗಿದ್ದೆ. ನಾಲ್ಕು ಸಲ ವಾಂತಿ ಮಾಡಿ, ಹಣೆ ಊದಿಸಿಕೊಂಡ ಧಣಿ ತೆವಳುತ್ತ ಬಂದರು.

“ಇಲ್ಲಿ ಅಲುಗಾಟವೇ ಇಲ್ಲವಲ್ಲ! ಏಳು ಮಾರಾಯ, ನಾನು ಸಾಯ್ತೇನೆ.”

ಎದ್ದು ಜಾಗ ಕೊಟ್ಟೆ. ಧಣಿ ನನಗಿಂತ ಎತ್ತರದ ಆಳು. ಮಲಗಿದ ಕೂಡಲೇ ಅವರ ಎರಡೂ ಪಾದ ಶೂ ಕಪಾಟಿಗೆ ಬಡಿದವು.

“ಅಯ್ಯೋ! ಇನ್ನೆಷ್ಟು ಹೊತ್ತಿನ ದಾರಿ?”

“ಇನ್ನೂ ಒಂದು ದಿನ ಉಂಟು. ಕಾಲು ಮಡಚಿಕೊಳ್ಳಿ, ಧಣಿ.”