ಕಲ್ಲಿನ ಅಚ್ಚು ಒಣಗುವ ಹೊತ್ತು

ಒಣಗಲು ಬಿಟ್ಟಿದ್ದ ಕಾಗದದ ಮೇಲೆ ತಿಪ್ಪವ್ವ ಒಂದು ತಂಬಿಗೆ ನೀರು ಸುರಿದೇಬಿಟ್ಟಳು. ಹಳೆಯ ಗುಡಿಯೊಳಗಿನ ಶಾಸನದ ಕಲ್ಲಿಗೆ ಅಂಟಿಕೊಂಡಿದ್ದ ಕಾಗದದಿಂದ ಮಸಿ ಕರಗಿ ಧಾರೆಯಾಗಿ ಇಳಿಯಿತು. ಬೆಳಗಿನಿಂದ ಖಾಸಿಂಸಾಬ ಬೆವರು ಸುರಿಸಿ ಎಬ್ಬಿಸಿದ್ದ ಅಕ್ಷರಗಳೆಲ್ಲ ಕಲಸುಮೇಲೋಗರ. ಅಯ್ಯ ಶಿವನೇ, ಎಂಥ ಕೆಲಸ ಮಾಡಿದೆ ಎಂದು ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಗುಡಿಸಲಿಗೆ ಓಡಿದಳು.

ಕೆಟ್ಟವಳೇನಲ್ಲ ತಿಪ್ಪವ್ವ. ಲಕ್ಷ್ಮೇಶ್ವರದ ಹೊರಗೆ, ಅಡರಕಟ್ಟಿಯ ದಾರಿಗಿದ್ದ ಆ ಹಳೆಯ ಗುಡಿಗೆ ಅವಳ ಗಂಡ ಪೂಜಾರಿಯಾಗಿದ್ದ. ಗೋಡೆ ಬಿರಿಯಿತೆಂದು ಜನ ದೇವರನ್ನು ಎತ್ತಿಕೊಂಡು ಹೋಗಿ ಊರೊಳಗೆ ಹೊಸ ಗುಡಿಯಲ್ಲಿ ಕೂರಿಸಿದರು, ಪೂಜೆಗೆ ಬೇರೆಯವರನ್ನು ಇಟ್ಟರು. ಗಂಡ ಆ ಕೊರಗಿನಲ್ಲೇ ಹೋದ. ಮಕ್ಕಳಿಲ್ಲ, ಮರಿಯಿಲ್ಲ. ದೇವರೇ ಇಲ್ಲದ ಗುಡಿಗೆ ಯಾರು ಬಂದಾರು? ಮಿರಜದ ರಾಜರ ಆಳಿಕೆ ಹೋಯಿತು, ಮುಂಬಯಿ ಸರ್ಕಾರ ಬಂತು, ಹೋದ ವರ್ಷ ಕನ್ನಡದವರೆಲ್ಲ ಒಂದೇ ರಾಜ್ಯವಾದರೆಂದು ಪೇಟೆಯಲ್ಲಿ ಪೇಢೆ ಹಂಚಿದರಂತೆ. ಇವಳ ಬಾಗಿಲಿಗೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಎಷ್ಟೋ ದಿನ ಅವಳು ಮಾತಾಡಿದ್ದೆಲ್ಲ ಕಸಬರಿಗೆಯ ಜೊತೆ, ಒಲೆಯ ಜೊತೆ.

ಹಾಗಿದ್ದಾಗ ಬಂದವನು ಖಾಸಿಂಸಾಬ. ಹೊಸ ರಾಜ್ಯದಲ್ಲಿ ಹಳೆಯ ಗುಡಿ, ಬಸದಿ, ಮಸೀದಿಗಳನ್ನೆಲ್ಲ ದಾಖಲೆ ಮಾಡುವ ಕೆಲಸ ನಡೆದಿತ್ತು. ಶಾಸನಗಳ ಅಚ್ಚು ತೆಗೆಯಲು ಬೆಟಗೇರಿಯ ಈ ಮುದುಕನನ್ನು ಕಳಿಸಿದ್ದರು. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಗಡುಸು ಬ್ರಶ್ಶಿನಿಂದ ಬಡಿದು ಬಡಿದು ಅಕ್ಷರದ ಕುಳಿಯೊಳಗೆ ಕೂರಿಸಿ, ಮೇಲೆ ಮಸಿ ಅದ್ದಿದ ಬಟ್ಟೆಗಂಟು ಒತ್ತುತ್ತಿದ್ದ. ಕೈ ಕೆಲಸದಲ್ಲಿ, ಬಾಯಿ ಮಾತಿನಲ್ಲಿ. ತೀರಿಹೋದ ಹೆಂಡತಿ ಜನ್ನತಬಿಯ ಸಿಟ್ಟು, ಖಾನಾವಳಿಯ ನೀರುಸಾರು, ತನ್ನ ಮಂಡಿನೋವು, ಎಲ್ಲ ಹೇಳಿದ. ಜನ್ನತಬಿ ಹೋದ ಮೇಲೆ ಬೆಟಗೇರಿಯ ಮನೆಗೆ ಬೀಗವೇ ಯಜಮಾನ ಎಂದು ನಕ್ಕ. ತಿಪ್ಪವ್ವ ಕಂಬಕ್ಕೆ ಒರಗಿ ಕುಳಿತು ತನ್ನದನ್ನೂ ಹೇಳಿಕೊಂಡಳು. ಮಾತಾಡಿ ಮಾತಾಡಿ ಅವಳ ಗಂಟಲೇ ಕಟ್ಟಿತು. ಕಾಗದವನ್ನು ಒಣಗಲು ಬಿಟ್ಟು ಊಟಕ್ಕೆ ಪೇಟೆಗೆ ಹೊರಟಾಗ ಅವನು, ಸಂಜೆ ಇದನ್ನು ಬಿಡಿಸಿಕೊಂಡರೆ ಇಲ್ಲಿಯ ಕೆಲಸ ಮುಗಿಯಿತು, ನಾಳೆ ಮುಂಡರಗಿಯ ಕಡೆ ಹೋಗಬೇಕು ಎಂದ. ಆ ಒಂದು ಮಾತಿಗೇ ಅವಳು ತಂಬಿಗೆ ಎತ್ತಿದ್ದು.

ಸಂಜೆ ಬಂದವನು ಕಲ್ಲಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತ. ತಿಪ್ಪವ್ವ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಬಂದು, ಕೇಳುವ ಮೊದಲೇ, ಮಧ್ಯಾಹ್ನ ಹನಿ ಬಿತ್ತು, ಮಾಳಿಗೆ ಸೋರಿರಬೇಕು ಎಂದಳು. ಅವನು ಮೇಲೆ ನೋಡಿದ, ಅವಳನ್ನು ನೋಡಿದ, ಬೈಯಲಿಲ್ಲ.

"ಇನ್ನ ಎರಡ ಕಾಗದ ಉಳದಾವ್ರಿ ಅಕ್ಕಾರ," ಎಂದ. "ಅವೂ ಕೆಟ್ಟವಂದ್ರ ಸಾಹೇಬ್ರು ನನ್ನ ಬಿಟ್ಟು ಬ್ಯಾರೇದವ್ರನ್ನ ಕಳಸ್ತಾರ."

ಅವತ್ತು ರಾತ್ರಿ ಅವಳು ರೊಟ್ಟಿಯನ್ನು ಹಾಗೇ ಮುಚ್ಚಿಟ್ಟಳು. ಒಂದು ದಿನದ ಮಾತಿನಾಸೆಗೆ ಮುದುಕನ ಹೊಟ್ಟೆಯ ಮೇಲೆ ಹೊಡೆದೆನಲ್ಲ ಎಂದು ತನಗೆ ತಾನೇ ಶಾಪ ಹಾಕಿಕೊಂಡಳು. ಹೋಗುವವನು ಹೋಗಲಿ, ಕೆಲಸವಾದರೂ ಚೆನ್ನಾಗಿ ಮುಗಿಸಿ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿದಳು. ಮರುದಿನ ಅವನು ಮತ್ತೆ ಕಾಗದ ಬಡಿದು, ಮಸಿ ಒತ್ತಿ, ಊಟಕ್ಕೆ ಹೋದ. ಯಾಕೋ ಮಾತು ಕಡಿಮೆಯಿತ್ತು. ಅವಳು ಕಲ್ಲಿನ ಮುಂದಿನಿಂದ ಕದಲಲಿಲ್ಲ. ಕಾಗೆ ಓಡಿಸಿದಳು, ಇರುವೆ ಓಡಿಸಿದಳು. ಹೊರಗೆ ಬಿಸಿಲು ಬಿದ್ದಿತ್ತು, ಕಾಗದ ಗರಿಗರಿಯಾಗುತ್ತ ಬಂತು. ಅದು ಒಣಗಿದಷ್ಟೂ ಅವಳಿಗೆ ಅಳು ಬರುತ್ತಿತ್ತು. ಅವನು ಹಿಂದಿರುಗಿದಾಗ, ನೋಡಿಕೊಳ್ರಿ ಎಂದು ಕಾಗದವನ್ನು ಅವನ ವಶಕ್ಕೆ ಬಿಟ್ಟು, ಹೋಗುವವನಿಗೆ ಒಂದು ಲೋಟ ಮಜ್ಜಿಗೆಯನ್ನಾದರೂ ಕೊಡೋಣವೆಂದು ಗುಡಿಸಲಿಗೆ ಹೋದಳು.

ಲೋಟ ಹಿಡಿದು ಬಂದವಳು ಕಂಬದ ಹಿಂದೆಯೇ ನಿಂತುಬಿಟ್ಟಳು. ಖಾಸಿಂಸಾಬ ಬ್ರಶ್ಶು ಅದ್ದುವ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಾಗದದ ಮೇಲಂಚಿನಿಂದ ಮೆಲ್ಲಗೆ ನೀರು ಬಿಡುತ್ತಿದ್ದ. ಅವಳಿಗೆ ಮೊದಲು ಸಿಟ್ಟು ಬಂತು. ಮಧ್ಯಾಹ್ನವೆಲ್ಲ ಕಾದವಳು ನಾನು, ಇವನಿಗೇನು ಬಂತು ಧಾಡಿ ಎಂದುಕೊಂಡಳು. ಆಮೇಲೆ ಅವನ ಮನೆಯ ಬೀಗ ನೆನಪಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಜೋರಾಗಿ ಕೆಮ್ಮಿದಳು.

ಅವನು ಬೋಗುಣಿಯನ್ನು ಕೆಳಗಿಟ್ಟ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಕಡೆ ನೋಡದೆ, "ನೀವು ಹೇಳಿದ್ದು ಖರೆ ಅಕ್ಕಾರ, ಮಾಳಗಿ ಸೋರತೈತಿ," ಎಂದ. "ಇನ್ನೊಂದ ಕಾಗದ ಐತಿ. ನಾಳಿ ಮತ್ತ ಬರಬೇಕಾತು."

ತಿಪ್ಪವ್ವ ಮಜ್ಜಿಗೆಯನ್ನು ಅವನ ಮುಂದಿಟ್ಟು, ತನ್ನ ಕಂಬಕ್ಕೆ ಒರಗಿ ಕುಳಿತಳು. ಇಬ್ಬರೂ ಹೊರಗಿನ ಬಿಸಿಲನ್ನು ನೋಡಿದರು.

"ಬರ್ರಿ," ಎಂದಳು. "ಆದ್ರ ನಾಳಿ ಅದನ್ನ ಕಾಯೂದು ಯಾರು ಸಾಬ್ರ? ನಿಮ್ಮನ್ನೂ ನಂಬೂಹಂಗಿಲ್ಲ, ನನ್ನನ್ನೂ ನಂಬೂಹಂಗಿಲ್ಲ."